ದ್ಯುತಿ ಚಾಂದ್ ಬಗ್ಗೆ ಮಗಳ ಭಾಷಣ: ಆ ನಾಲ್ಕು ಸಾಲು ಇರಲಾ, ತೆಗೆಸಲಾ?

ಟ್ರ್ಯಾಕ್_ಬದಿಯ_ಅಪ್ಪ | ಭಾನುವಾರ, ರಾತ್ರಿ 9:12

ಎಲ್ಲರಿಗೂ ನಮಸ್ಕಾರ. ಸಣ್ಣ ವಿಷಯವೇ, ಆದರೆ ಎರಡು ದಿನದಿಂದ ತಲೆ ಕೊರೆಯುತ್ತಿದೆ.

ಮಗಳು ಎಂಟನೇ ಕ್ಲಾಸು, 200 ಮೀಟರ್ ಓಡುತ್ತಾಳೆ. ಆಗಸ್ಟ್ 29ರ ಕ್ರೀಡಾ ದಿನಕ್ಕೆ ಶಾಲೆಯಲ್ಲಿ ‘ನನ್ನ ಮೆಚ್ಚಿನ ಕ್ರೀಡಾಪಟು’ ಅಂತ ಮೂರು ನಿಮಿಷದ ಭಾಷಣ. ಅರ್ಧ ಕ್ಲಾಸು ಕೊಹ್ಲಿ, ಇನ್ನರ್ಧ ನೀರಜ್ ಚೋಪ್ರಾ. ಇವಳು ಓಟಗಾರ್ತಿ ದ್ಯುತಿ ಚಾಂದ್ ಹೆಸರು ಕೊಟ್ಟು ಬಂದಳು. ತಾನೇ ಕೂತು ಬರೆದಳು. ಒಡಿಶಾದ ಜಾಜ್‌ಪುರ ಜಿಲ್ಲೆಯ ಚಾಕಾ ಗೋಪಾಲಪುರ, ನೇಕಾರರ ಮನೆ, 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ 100 ಮತ್ತು 200 ಎರಡರಲ್ಲೂ ಬೆಳ್ಳಿ, 2021ರಲ್ಲಿ ಪಟಿಯಾಲದಲ್ಲಿ 100 ಮೀಟರಿಗೆ 11.17 ಸೆಕೆಂಡಿನ ರಾಷ್ಟ್ರೀಯ ದಾಖಲೆ. ಇವೆಲ್ಲ ಆದ ಮೇಲೆ ಈ ನಾಲ್ಕು ಸಾಲು:

‘2019ರ ಮೇ ತಿಂಗಳಲ್ಲಿ ದ್ಯುತಿ ತಾನು ಒಬ್ಬ ಹುಡುಗಿಯನ್ನು ಪ್ರೀತಿಸುತ್ತೇನೆ ಎಂದು ಹೇಳಿದರು. ಹಾಗೆ ಎಲ್ಲರ ಮುಂದೆ ಹೇಳಿದ ಭಾರತದ ಮೊದಲ ಕ್ರೀಡಾಪಟು ಅವರು. ಅವರ ಮನೆಯವರು ಒಪ್ಪಲಿಲ್ಲ. ಎರಡು ತಿಂಗಳಾಗುವ ಮೊದಲೇ ಅವರು ಇಟಲಿಯ ನೇಪಲ್ಸ್‌ನಲ್ಲಿ ವಿಶ್ವ ವಿಶ್ವವಿದ್ಯಾಲಯ ಕ್ರೀಡಾಕೂಟದ 100 ಮೀಟರ್ ಚಿನ್ನ ಗೆದ್ದರು.’

ಟೀಚರ್ ಈ ನಾಲ್ಕಕ್ಕೂ ಕೆಂಪು ಗೆರೆ ಎಳೆದಿದ್ದಾರೆ. ಬೈದಿಲ್ಲ, ‘ಇದು ಬೇಡ ಪುಟ್ಟಾ’ ಅಂದಿದ್ದಾರೆ ಅಷ್ಟೆ. ಮುಂದಿನ ಪ್ಯಾರಾದಲ್ಲಿ ನಿಷೇಧಿತ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದು 2023ರಲ್ಲಿ 4 ವರ್ಷ ನಿಷೇಧ ಆದದ್ದೂ ಇದೆ. ಅದಕ್ಕೆ ಗೆರೆ ಇಲ್ಲ! ಮಗಳು ಅದನ್ನೇ ಕೇಳುತ್ತಿದ್ದಾಳೆ: ‘ಮದ್ದು ತಗೊಂಡಿದ್ದು ಹೇಳಬಹುದಂತೆ, ಪ್ರೀತಿ ಮಾಡಿದ್ದು ಹೇಳಬಾರದಂತೆ. ಯಾಕಪ್ಪಾ?’

ಉತ್ತರ ಹೊಳೆಯಲಿಲ್ಲ. ಇಲ್ಲಿ ಕ್ರೀಡೆ ಗೊತ್ತಿರುವವರು, ಮಕ್ಕಳನ್ನು ಬೆಳೆಸಿದವರು ಇದ್ದೀರಿ. ಏನಂತೀರಿ?


ಕರಾವಳಿ_ಕಾಗೆ | ರಾತ್ರಿ 9:40

ತೆಗೆಸಿ ಮಾರಾಯ್ರೆ. ದ್ಯುತಿ ಓಟಗಾರ್ತಿ, ಓಟದ ಬಗ್ಗೆ ಹೇಳಲಿ. ಅವರ ಮನೆಯೊಳಗೆ ಯಾರಿದ್ದಾರೆ ಅಂತ ಎಂಟನೇ ಕ್ಲಾಸಿನ ಮಕ್ಕಳಿಗೆ ಯಾಕೆ? ನನಗೆ ಅವರ ಮೇಲೆ ಸಿಟ್ಟೂ ಇಲ್ಲ, ಎಂಥದೂ ಇಲ್ಲ. ವೈಯಕ್ತಿಕ ವಿಷಯ ವೈಯಕ್ತಿಕವಾಗಿಯೇ ಇರಲಿ. ಕೊಹ್ಲಿ ಬಗ್ಗೆ ಮಾತಾಡುವ ಹುಡುಗ ಹೆಂಡತಿ ವಿಷಯ ಎತ್ತುತ್ತಾನಾ?


ಕಪ್_ನಮ್ದೇ | ರಾತ್ರಿ 9:51

ಎತ್ತುತ್ತಾನೆ ಗುರು. ನಮ್ಮ ಪಕ್ಕದ ಮನೆ ಹುಡುಗನ ಕೊಹ್ಲಿ ಭಾಷಣ ಪೂರ್ತಿ ಕೇಳಿದ್ದೇನೆ. ಅನುಷ್ಕಾ ಬಂದರು, ಮದುವೆ ಬಂತು, ಸೆಂಚುರಿ ಹೊಡೆದು ಗ್ಯಾಲರಿ ಕಡೆ ಹಾರಿಸಿದ ಮುತ್ತೂ ಬಂತು. ಹುಡುಗ ಆ್ಯಕ್ಷನ್ ಮಾಡಿ ಬೇರೆ ತೋರಿಸಿದ. ಹೆಡ್ಮೇಷ್ಟ್ರೇ ಮೊದಲು ಚಪ್ಪಾಳೆ ತಟ್ಟಿದ್ದು.


ಮೈದಾನದ_ಧೂಳು | ರಾತ್ರಿ 10:05

ನಾನು 31 ವರ್ಷ ದೈಹಿಕ ಶಿಕ್ಷಕನಾಗಿದ್ದು ನಿವೃತ್ತನಾದವನು. ಟೀಚರ್ ಪರವಾಗಿ ಒಂದು ಮಾತು. ಅವರಿಗೂ ಮೇಲಿನವರಿದ್ದಾರೆ, ನಾಳೆ ಪೋಷಕರೊಬ್ಬರು ಬಂದು ಕೂಗಾಡಿದರೆ ಉತ್ತರ ಕೊಡಬೇಕಾದವರು ಅವರೇ. ಸುಮ್ನೆ ಅವರನ್ನು ಕೆಟ್ಟವರು ಮಾಡಬೇಡಿ.

ಇನ್ನೊಂದು ಸಂಶಯ. ಈಕೆಯನ್ನು ಹಿಂದೆ ಹೆಣ್ಣೇ ಅಲ್ಲ ಅಂತ ಕ್ರೀಡಾಕೂಟದಿಂದ ಹೊರಗೆ ಹಾಕಿದ್ದರಲ್ಲ? ಅದಕ್ಕೂ ಇದಕ್ಕೂ ಸಂಬಂಧ ಇರಬೇಕಲ್ಲವೇ?


ಅನಾಮಿಕ_400 | ರಾತ್ರಿ 10:31

ಸರ್, ಸಂಬಂಧ ಇಲ್ಲ. ಎರಡೂ ಬೇರೆ.

2014ರಲ್ಲಿ ಗ್ಲಾಸ್ಗೋ ಕಾಮನ್‌ವೆಲ್ತ್ ಕೂಟಕ್ಕೆ ಹೊರಡುವ ಹೊತ್ತಿಗೆ ದ್ಯುತಿಯನ್ನು ತಂಡದಿಂದ ಕೈಬಿಟ್ಟರು. ಅವರ ದೇಹದಲ್ಲಿ ಟೆಸ್ಟೋಸ್ಟಿರೋನ್ ಸಹಜವಾಗಿಯೇ ಜಾಸ್ತಿ, ಆಗಿನ ನಿಯಮದ ಮಿತಿ ಮೀರುತ್ತಿತ್ತು. ಅದು ಹುಟ್ಟಿನಿಂದ ಬಂದದ್ದು, ಮದ್ದಲ್ಲ, ಮೋಸವಲ್ಲ. ಆಗ ಅವರಿಗೆ 18 ವರ್ಷ. ಔಷಧಿ ತಗೊಂಡು ಇಳಿಸಿಕೋ ಅಂದರೆ ಒಪ್ಪಲಿಲ್ಲ. ಸ್ವಿಟ್ಜರ್ಲೆಂಡಿನ ಕ್ರೀಡಾ ನ್ಯಾಯಮಂಡಳಿಗೆ ಹೋದರು. 2015ರ ಜುಲೈನಲ್ಲಿ ಆ ನಿಯಮಕ್ಕೇ ತಡೆ ಬಿತ್ತು. ಮಾರನೇ ವರ್ಷ ರಿಯೋ ಒಲಿಂಪಿಕ್ಸ್‌ನಲ್ಲಿ ಓಡಿದರು.

ದೇಹದಲ್ಲಿ ಯಾವ ಹಾರ್ಮೋನ್ ಎಷ್ಟಿದೆ ಅನ್ನುವುದು ಒಂದು ವಿಷಯ. ಮನಸ್ಸು ಯಾರ ಮೇಲೆ ಹೋಗುತ್ತದೆ ಅನ್ನುವುದು ಇನ್ನೊಂದು. 2019ರಲ್ಲೂ ಜನ ಎರಡನ್ನೂ ಸೇರಿಸಿ ಹಿಟ್ಟು ಕಲಸಿದ ಹಾಗೆ ಕಲಸಿದರು. ‘ನೋಡಿ, ಆಗಲೇ ಅನುಮಾನ ಇತ್ತು’ ಅಂದರು. ಅದನ್ನು ಓದಿ ನನಗೆ ಹೊಟ್ಟೆ ತೊಳಸಿತ್ತು.


ಮೈದಾನದ_ಧೂಳು | ರಾತ್ರಿ 10:44

ಗೊತ್ತಿರಲಿಲ್ಲಮ್ಮ. ತಿಳಿಸಿದ್ದಕ್ಕೆ ಥ್ಯಾಂಕ್ಸ್.


ಕಪ್_ನಮ್ದೇ | ರಾತ್ರಿ 11:02

ಕರಾವಳಿ ಅಣ್ಣ, ಇನ್ನೊಂದು ಕೇಳಿ. 2023ರಲ್ಲಿ ಮೊದಲ ಡಬ್ಲ್ಯುಪಿಎಲ್, ಹೆಂಗಸರ ಐಪಿಎಲ್ ಅನ್ನಿ. ನಮ್ಮ ಆರ್‌ಸಿಬಿ ಹುಡುಗಿಯರು ಮೊದಲ ಐದೂ ಮ್ಯಾಚ್ ಸೋತರು. ನಾನು ಹೊಟ್ಟೆ ಉರಿಸಿಕೊಂಡು ಎಲ್ಲ ನೋಡಿದೆ. ಆ ತಂಡದಲ್ಲಿ ಆಸ್ಟ್ರೇಲಿಯಾದ ಮೇಗನ್ ಶುಟ್ ಇದ್ದರು, ಅವರಿಗೆ ಹೆಂಡತಿ ಇದ್ದಾರೆ, ಪುಟ್ಟ ಮಗಳಿದ್ದಾಳೆ. ದಕ್ಷಿಣ ಆಫ್ರಿಕಾದ ಡೇನ್ ವಾನ್ ನೀಕರ್ಕ್ ಕೂಡ ನಮ್ಮಲ್ಲೇ. ಅವರ ಹೆಂಡತಿ ಮರಿಜಾನ್ ಕಾಪ್ ಡೆಲ್ಲಿ ಪರ. ನಾವು ಬೈದದ್ದು ಬೌಲಿಂಗಿಗೆ, ಕ್ಯಾಚ್ ಬಿಟ್ಟದ್ದಕ್ಕೆ. ಹೆಂಡತಿ ಯಾರು ಅಂತ ಯಾರೂ ಕೇಳಲಿಲ್ಲ. ಅಂದರೆ ನಮ್ಮ ಜನ ಪರವಾಗಿಲ್ಲ ಅಲ್ವಾ?


ಮಗ್ಗದ_ಮನೆ | ಸೋಮವಾರ, ಬೆಳಿಗ್ಗೆ 6:20

ಕಪ್ ಅವರೇ, ಅವರು ಹೊರಗಿನವರು. ಮ್ಯಾಚ್ ಮುಗಿಸಿ ವಿಮಾನ ಹತ್ತುತ್ತಾರೆ. ಅವರನ್ನು ಒಪ್ಪಿಕೊಂಡರೆ ನಮಗೇನೂ ಖರ್ಚಿಲ್ಲ. ನಮ್ಮ ಓಣಿಯ ಹುಡುಗಿ ಹೇಳಿದರೆ ಗೊತ್ತಾಗುತ್ತದೆ ನೋಡಿ.

ನಾವು ಗುಳೇದಗುಡ್ಡದ ಕಡೆಯವರು, ಖಣ ನೇಯುವ ಮನೆ. 2019ರಲ್ಲಿ ದ್ಯುತಿಯ ತಾಯಿ ಟಿವಿಯವರ ಮುಂದೆ ಮಾತಾಡಿದ್ದನ್ನು ನಮ್ಮವ್ವನ ಪಕ್ಕದಲ್ಲೇ ಕೂತು ನೋಡಿದೆ. ನಾವು ನೇಕಾರರು, ನಮ್ಮ ಸಮಾಜದಲ್ಲಿ ಇಂಥದ್ದಕ್ಕೆ ಜಾಗ ಇಲ್ಲ ಅನ್ನುವ ಅರ್ಥದಲ್ಲಿ ಹೇಳಿದರು. ಆ ಹುಡುಗಿ ಅದೇ ಊರಿನವಳು, ಸಂಬಂಧದಲ್ಲಿ ತನಗೆ ಮೊಮ್ಮಗಳಾಗಬೇಕು ಅಂತಲೂ ಹೇಳಿದರು. ನಮ್ಮವ್ವ ತಕ್ಷಣ ‘ವರಸೆನೇ ಕೂಡಂಗಿಲ್ಲಲ್ಲ’ ಅಂದಳು! ಹೆಣ್ಣು-ಹೆಣ್ಣು ಅನ್ನುವುದಕ್ಕಿಂತ ಮೊದಲು ಅವಳ ತಲೆಗೆ ಹೊಳೆದದ್ದು ವರಸೆ. ನನಗೆ ನಗು ಬಂತು, ಆಮೇಲೆ ಪಾಪ ಅನಿಸಿತು. ಆ ತಾಯಿಯ ಮಾತಿನ ತುಂಬ ಓಣಿಯ ಭಯವೇ ಇತ್ತು. ನಾಳೆ ನೀರಿಗೆ ಹೋದಾಗ, ಮದುವೆ ಮನೆಯಲ್ಲಿ ಕೂತಾಗ ಯಾರು ಏನು ಅನ್ನುತ್ತಾರೋ ಅಂತ. ಮಗ್ಗದ ಮನೆಗಳ ಗೋಡೆ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಪಕ್ಕದ ಮನೆಯ ಲಾಳಿ ನಿಂತರೂ ಇಲ್ಲಿ ಗೊತ್ತಾಗುತ್ತದೆ.

ದೊಡ್ಡ ದೊಡ್ಡವರು ದೂರದಿಂದ ಶಭಾಷ್ ಅಂದರು. ಅಮೆರಿಕದ ಟಿವಿ ನಿರೂಪಕಿ ಎಲೆನ್ ಡಿಜೆನರಸ್ ಕೂಡ ಹೊಗಳಿದರು. ಚಾಕಾ ಗೋಪಾಲಪುರದಲ್ಲಿ ಎಲೆನ್ ಯಾರು ಅಂತ ಯಾರಿಗೆ ಗೊತ್ತು?


ಪದಬಂಧ_ಪ್ರಿಯೆ | ಸೋಮವಾರ, ಬೆಳಿಗ್ಗೆ 10:15

ಆ ದಿನ ನಾನು ಒಂದು ಕನ್ನಡ ಪತ್ರಿಕೆಯ ಡೆಸ್ಕಿನಲ್ಲಿ ರಾತ್ರಿ ಪಾಳಿಯಲ್ಲಿದ್ದೆ. ಯಾವುದು ಅಂತ ಕೇಳಬೇಡಿ. 2019ರ ಮೇ 19, ಭಾನುವಾರ. ಲೋಕಸಭೆ ಚುನಾವಣೆಯ ಕೊನೇ ಹಂತ, ನಮ್ಮಲ್ಲಿ ಕುಂದಗೋಳ ಮತ್ತು ಚಿಂಚೋಳಿ ಉಪಚುನಾವಣೆ, ಸಂಜೆಯಿಂದ ಎಕ್ಸಿಟ್ ಪೋಲ್ ಜಾತ್ರೆ. ಇಂಗ್ಲಿಷ್ ಪತ್ರಿಕೆಗೆ ದ್ಯುತಿ ಕೊಟ್ಟ ಸಂದರ್ಶನದ ಸುದ್ದಿ ಏಜೆನ್ಸಿಯಿಂದ ಬಂತು. ಜಾಗ ಇದ್ದದ್ದು ಒಂದೇ ಒಂದು ಸಿಂಗಲ್ ಕಾಲಂ.

ತಲೆಬರಹಕ್ಕೆ ನಮ್ಮ ಹತ್ತಿರ ಇದ್ದ ರೆಡಿ ಪದ ‘ಸಲಿಂಗಕಾಮಿ’. ಆಕೆ ಹೇಳಿದ್ದು ನನಗೊಬ್ಬಳು ಜೀವದ ಗೆಳತಿ ಸಿಕ್ಕಿದ್ದಾಳೆ ಅಂತ. ನಾವು ಅದನ್ನು ಕನ್ನಡಕ್ಕೆ ತಂದಾಗ ‘ಕಾಮ’ ಆಯಿತು. ಗಂಡು-ಹೆಣ್ಣು ಮದುವೆಯಾದರೆ ‘ವಿಲಿಂಗಕಾಮಿ ಜೋಡಿಗೆ ಕಂಕಣಭಾಗ್ಯ’ ಅಂತ ಬರೆಯುತ್ತೇವಾ? ನಾನು ‘ಸಲಿಂಗ ಪ್ರೇಮ’ ಅಂತ ಹಾಕಿದೆ. ಹಿರಿಯರೊಬ್ಬರು ‘ಓದುಗರಿಗೆ ಅರ್ಥ ಆಗಲ್ಲ’ ಅಂತ ತಿದ್ದಿದರು. ಜಾಗವೂ ಒಂಚೂರು ಜಾಸ್ತಿ ಬೇಕಾಗುತ್ತಿತ್ತು ಅನ್ನಿ.

ಕಾಲೇಜಿನ ಹುಡುಗರು ಈಗ ‘ಸಲಿಂಗಿ’, ‘ಗೇ’, ‘ಕ್ವಿಯರ್’ ಅಂತ ಸಲೀಸಾಗಿ ಹೇಳುತ್ತಾರೆ. ಆದರೆ ಎಂಟನೇ ಕ್ಲಾಸಿನ ಈ ಹುಡುಗಿಯ ಸಾಲು ನೋಡಿ. ‘ಒಬ್ಬ ಹುಡುಗಿಯನ್ನು ಪ್ರೀತಿಸುತ್ತೇನೆ ಎಂದು ಹೇಳಿದರು.’ ಇಡೀ ಡೆಸ್ಕಿಗೆ ಹೊಳೆಯದ್ದು ಅವಳಿಗೆ ಹೊಳೆದಿದೆ. ಅಪ್ಪಾಜಿ, ಆ ವಾಕ್ಯದಲ್ಲಿ ಒಂದಕ್ಷರ ಮುಟ್ಟಬೇಡಿ.


ಕರಾವಳಿ_ಕಾಗೆ | ಸೋಮವಾರ, ಬೆಳಿಗ್ಗೆ 11:30

ಪದ ಚಂದ ಉಂಟು, ಒಪ್ಪಿದೆ. ನನ್ನ ಪ್ರಶ್ನೆ ಹಾಗೆಯೇ ಉಂಟು. ಹೇಳಿಕೊಳ್ಳುವ ಅಗತ್ಯ ಏನಿತ್ತು? ಓಡುವುದು ಬಿಟ್ಟು ಪತ್ರಿಕೆಯವರ ಹತ್ತಿರ ಯಾಕೆ ಹೋಗಬೇಕು? ಪ್ರಚಾರಕ್ಕೆ ಅಂತ ಜನ ಅನ್ನುವುದು ಇದಕ್ಕೇ.


ಕೋರ್ಟ್_ಕಾರಿಡಾರ್ | ಸೋಮವಾರ, ಮಧ್ಯಾಹ್ನ 1:10

ಅಗತ್ಯ ಇತ್ತು. ಮನೆಯಲ್ಲಿ ಆಗಲೇ ಗಲಾಟೆ ಶುರುವಾಗಿತ್ತು. ದ್ಯುತಿ ಆ ಸಂದರ್ಶನದಲ್ಲೇ ಹೇಳಿದ್ದಾರೆ, ಅಕ್ಕ ತನ್ನನ್ನು ಜೈಲಿಗೆ ಕಳಿಸುತ್ತೇನೆ ಎಂದು ಹೆದರಿಸಿದ್ದಾಳೆ ಅಂತ. ಎರಡು ದಿನ ಬಿಟ್ಟು, ಅಕ್ಕ 25 ಲಕ್ಷ ಕೇಳಿದಳು ಎಂದೂ ಆರೋಪಿಸಿದರು. ಅಕ್ಕನ ವಾದ ಬೇರೆ: ತಂಗಿಯ ಮೇಲೆ ಒತ್ತಡ ಇದೆ, ಎಲ್ಲ ಅವಳ ಆಸ್ತಿಯ ಮೇಲಿನ ಕಣ್ಣು ಅಂತ. ಯಾರು ಸರಿ ಅಂತ ಇಲ್ಲಿ ಕೂತು ನಾನು ತೀರ್ಪು ಕೊಡುವುದಿಲ್ಲ. ಜಕಾರ್ತಾದ ಎರಡು ಬೆಳ್ಳಿಗೆ ಒಡಿಶಾ ಸರ್ಕಾರ 3 ಕೋಟಿ ಕೊಟ್ಟಿತ್ತು ಅನ್ನುವುದನ್ನು ಮಾತ್ರ ನೆನಪಿಡಿ. ಮನೆಗೆ ದುಡ್ಡು ತರುವ ಮಗಳು ಯಾರನ್ನು ಕಟ್ಟಿಕೊಳ್ಳುತ್ತಾಳೆ ಅನ್ನುವುದು ಯಾವ ಮನೆಯಲ್ಲೂ ಬರೀ ಪ್ರೀತಿಯ ಪ್ರಶ್ನೆ ಆಗಿರುವುದಿಲ್ಲ.

ಹೀಗೆ ಹೆದರಿಸುವವರ ಕೈಯಲ್ಲಿ ಇರುವುದು ಒಂದೇ, ಗುಟ್ಟು. ತಾನೇ ಹೇಳಿಬಿಟ್ಟರೆ ಅದು ಹೋಯಿತು.

ಜೈಲಿನ ಮಾತಿಗೂ ಆಗ ಬಲ ಇರಲಿಲ್ಲ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ, ಸಲಿಂಗ ಸಂಬಂಧವನ್ನು ಅಪರಾಧ ಅನ್ನುತ್ತಿದ್ದ 377ನೇ ಸೆಕ್ಷನ್ನಿನಿಂದ ಪ್ರಾಪ್ತ ವಯಸ್ಕರ ಒಪ್ಪಿಗೆಯ ಸಂಬಂಧವನ್ನು ಹೊರಗಿಟ್ಟಿತ್ತು. ದ್ಯುತಿ ಹೇಳಿದ್ದು ಅದಾಗಿ ಎಂಟು ತಿಂಗಳಿಗೆ. ಆ ತೀರ್ಪೇ ಧೈರ್ಯ ಕೊಟ್ಟಿತು ಅಂತ ಅವರೇ ಹೇಳಿದ್ದಾರೆ. ಮದುವೆಯ ಹಕ್ಕು ಮಾತ್ರ ಇನ್ನೂ ಇಲ್ಲ. 2023ರ ಅಕ್ಟೋಬರ್ 17ರಂದು ಅದೇ ಕೋರ್ಟು, ಅದು ಸಂಸತ್ತಿನ ಕೆಲಸ ಅಂತ ಕೈಬಿಟ್ಟಿತು.


ಕರಾವಳಿ_ಕಾಗೆ | ಸೋಮವಾರ, ಮಧ್ಯಾಹ್ನ 1:52

ಹೆದರಿಸಿದ ವಿಷಯ ನನಗೆ ಗೊತ್ತಿರಲಿಲ್ಲ. ಆ ಲೆಕ್ಕದಲ್ಲಿ ಹೇಳಿದ್ದು ಸರಿ. ಶಾಲೆಯ ವಿಷಯಕ್ಕೆ ಮಾತ್ರ ನಾನು ಅಲ್ಲೇ ನಿಂತಿದ್ದೇನೆ.


ಪಿ_ಸ್ಟ್ಯಾಂಡ್_ಹಳಬ | ಸೋಮವಾರ, ಸಂಜೆ 5:25

ಹೆಂಗಸರ ಕ್ರಿಕೆಟ್ ಹೇಳಿದಿರಿ. ಗಂಡಸರದ್ದು ನಾನು ಹೇಳುತ್ತೇನೆ.

2011ರ ಫೆಬ್ರವರಿ 27. ಚಿನ್ನಸ್ವಾಮಿಯಲ್ಲಿ ವಿಶ್ವಕಪ್ಪಿನ ಭಾರತ-ಇಂಗ್ಲೆಂಡ್ ಮ್ಯಾಚ್. ಸಚಿನ್ 120, ಇಂಗ್ಲೆಂಡ್ ನಾಯಕ ಆ್ಯಂಡ್ರೂ ಸ್ಟ್ರಾಸ್ 158, ಕೊನೆಗೆ 338-338 ಟೈ. ನಾನು ಸ್ಟ್ಯಾಂಡಿನಲ್ಲಿದ್ದೆ, ಮೂರು ದಿನ ಗಂಟಲು ಕಟ್ಟಿತ್ತು. ಅದೇ ಹೊತ್ತಿಗೆ ಅತ್ತ ಇಂಗ್ಲೆಂಡಿನಲ್ಲಿ ಸ್ಟೀವನ್ ಡೇವಿಸ್ ಅನ್ನುವ ವಿಕೆಟ್ ಕೀಪರ್ ತಾನು ಗೇ ಅಂತ ಪತ್ರಿಕೆಯಲ್ಲಿ ಹೇಳಿದ. ಇಂಗ್ಲೆಂಡ್ ಪರ ಒನ್‌ಡೇ ಆಡಿದ್ದವನು, 24 ವರ್ಷ. ಆ್ಯಷಸ್ ಪ್ರವಾಸಕ್ಕೆ ಹೊರಡುವ ಮೊದಲೇ ತಂಡಕ್ಕೆ ತಿಳಿಸಿದ್ದನಂತೆ. ಅಂದರೆ ಬೆಂಗಳೂರಿನಲ್ಲಿ ನಮ್ಮ ಬೌಲರುಗಳನ್ನು ಚಚ್ಚುತ್ತಿದ್ದ ಸ್ಟ್ರಾಸ್‌ಗೆ ಆ ವಿಷಯ ಆಗಲೇ ಗೊತ್ತು! ನಮಗೆ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾದ ಮೇಲೂ ಇಲ್ಲಿ ಯಾರೂ ಅದನ್ನು ಮಾತಾಡಲಿಲ್ಲ. ಟೈ ಆದ ಮ್ಯಾಚಿನ ಮುಂದೆ ಬೇರೆ ಮಾತೆಲ್ಲಿ?

2019ರ ಫೆಬ್ರವರಿಯಲ್ಲಿ ಸೇಂಟ್ ಲೂಸಿಯಾ ಟೆಸ್ಟ್. ವೆಸ್ಟ್ ಇಂಡೀಸ್‌ನ ಶ್ಯಾನನ್ ಗೇಬ್ರಿಯಲ್ ಏನೋ ಅಂದ. ಇಂಗ್ಲೆಂಡಿನ ಜೋ ರೂಟ್ ಕೊಟ್ಟ ಉತ್ತರ ಸ್ಟಂಪ್ ಮೈಕಿನಲ್ಲಿ ಕೇಳಿಸಿತು: ಅದನ್ನು ಬೈಗುಳ ಮಾಡಬೇಡ, ಗೇ ಆಗಿರುವುದರಲ್ಲಿ ತಪ್ಪೇನಿಲ್ಲ ಅಂತ. ಗೇಬ್ರಿಯಲ್‌ಗೆ 4 ಒನ್‌ಡೇ ನಿಷೇಧ. ನಮ್ಮ ಗಲ್ಲಿ ಕ್ರಿಕೆಟ್ಟಿನಲ್ಲಿ ಸ್ಟಂಪ್ ಮೈಕ್ ಇಟ್ಟರೆ ಅರ್ಧ ಬೆಂಗಳೂರು ಸಸ್ಪೆಂಡ್.


ಕಪ್_ನಮ್ದೇ | ಸೋಮವಾರ, ಸಂಜೆ 5:40

ಆಸ್ಟ್ರೇಲಿಯಾದ ಕ್ರಿಕೆಟಿಗ ಜೇಮ್ಸ್ ಫಾಕ್ನರ್ ಕತೆ ಬಿಟ್ಟಿರಿ ಸರ್. ಅದೇ ವರ್ಷ ಏಪ್ರಿಲ್, ಅವನ 29ನೇ ಹುಟ್ಟುಹಬ್ಬ. ಅಮ್ಮ ಮತ್ತು ಗೆಳೆಯನ ಜೊತೆ ಊಟದ ಫೋಟೋ ಹಾಕಿ ‘ಬಾಯ್‌ಫ್ರೆಂಡ್’ ಅಂತ ತಮಾಷೆಗೆ ಬರೆದ. ಜಗತ್ತೆಲ್ಲ ಎದ್ದು ಅಭಿನಂದನೆ ಸುರಿಯಿತು. ಮಾರನೇ ದಿನ ‘ನಾನು ಗೇ ಅಲ್ಲ, ಆದರೆ ನಿಮ್ಮ ಬೆಂಬಲ ನೋಡಿ ಖುಷಿಯಾಯಿತು’ ಅನ್ನಬೇಕಾಯಿತು. ಆಸ್ಟ್ರೇಲಿಯಾದ ಕ್ರಿಕೆಟ್ ಮಂಡಳಿ ಕ್ಷಮೆ ಕೇಳಿತು.


ಅಡಿಲೇಡ್_ಅಡ್ಡೆ | ಸೋಮವಾರ, ರಾತ್ರಿ 8:05

ಆಸ್ಟ್ರೇಲಿಯಾ ಅಂದ ತಕ್ಷಣ ಎಲ್ಲ ಸುಲಭ ಅಂದುಕೊಳ್ಳಬೇಡಿ. ನಾನಿರುವ ಊರಿನ ಫುಟ್‌ಬಾಲ್ ತಂಡ ಅಡಿಲೇಡ್ ಯುನೈಟೆಡ್. ಅಲ್ಲಿನ ಜೋಶ್ ಕವಾಲೊ 2021ರ ಅಕ್ಟೋಬರಿನಲ್ಲಿ ತಾನು ಗೇ ಅಂತ ಹೇಳಿದ, ಆಗ 21 ವರ್ಷ. ಪಿಕೆ, ಗ್ರೀಜ್‌ಮನ್ ಅಂಥ ದೊಡ್ಡ ಫುಟ್‌ಬಾಲ್ ಆಟಗಾರರೆಲ್ಲ ಬೆಂಬಲ ಕೊಟ್ಟರು. ನಮ್ಮ ಆಫೀಸಿನಲ್ಲಿ ಫುಟ್‌ಬಾಲ್ ಗಂಧ ಇಲ್ಲದವರೂ ಅವನ ಹೆಸರು ಹೇಳುತ್ತಿದ್ದರು. ಮೂರು ತಿಂಗಳೂ ಆಗಿರಲಿಲ್ಲ, 2022ರ ಜನವರಿಯಲ್ಲಿ ಮೆಲ್ಬರ್ನ್‌ನಲ್ಲಿ ಆಡುವಾಗ ಗ್ಯಾಲರಿಯಿಂದ ಹೊಲಸು ಬೈಗುಳ. ಆಮೇಲೆ ಅವನೇ ಅದನ್ನು ಬರೆದುಕೊಂಡ.

ನನ್ನ ಹೆಂಡತಿ ಒಂದು ಮಾತು ಹೇಳುತ್ತಾಳೆ. ಅಭಿನಂದನೆ ಹೇಳುವವರು ಒಂದು ದಿನ ಬರುತ್ತಾರೆ, ಬೈಯುವವರು ಪ್ರತಿ ಮ್ಯಾಚಿಗೂ ಟಿಕೆಟ್ ತಗೊಂಡು ಬರುತ್ತಾರೆ.


ನಿರ್ವಾಹಕ | ಸೋಮವಾರ, ರಾತ್ರಿ 8:30

ಎರಡು ಪ್ರತಿಕ್ರಿಯೆ ತೆಗೆದಿದ್ದೇನೆ. ಒಂದರಲ್ಲಿ ದ್ಯುತಿಯ ಸಂಗಾತಿಯ ಹೆಸರು, ಮನೆತನದ ವಿವರ ಹಾಕಿದ್ದರು. ಆಕೆ ಆಟಗಾರ್ತಿ ಅಲ್ಲ, ಇಲ್ಲಿ ಆಕೆಯ ಹೆಸರು ಬೇಡ. ಇನ್ನೊಂದು ಸುಮ್ನೆ ಕೊಳಕು ಜೋಕು. ಮುಂದುವರಿಸಿ.


ಅನಾಮಿಕ_400 | ಸೋಮವಾರ, ರಾತ್ರಿ 11:48

ಬರೆಯಲೋ ಬೇಡವೋ ಅಂತ ಎರಡು ಸಲ ಅಳಿಸಿದೆ.

2019ರಲ್ಲಿ ನಾನು ಒಂದು ಕ್ರೀಡಾ ವಸತಿ ನಿಲಯದಲ್ಲಿದ್ದೆ. 400 ಮೀಟರ್, ರಾಜ್ಯ ಮಟ್ಟದಲ್ಲಿ ಮೆಡಲ್ ಇತ್ತು. ರಾತ್ರಿ ಊಟದ ಹೊತ್ತಿಗೆ ಮೆಸ್ಸಿನ ಟಿವಿಯಲ್ಲಿ ದ್ಯುತಿಯ ಮುಖ ಬಂತು. ನಾವೆಲ್ಲ ಅವರ ಓಟದ ವಿಡಿಯೋ ನೋಡಿ ನೋಡಿ ಸವೆಸಿದ್ದವರು. ಸ್ಟಾರ್ಟಿಂಗ್ ಬ್ಲಾಕ್‌ನಿಂದ ಹೊರಬೀಳುವ ಆ ಮೊದಲ ಹತ್ತು ಹೆಜ್ಜೆ! ಸುದ್ದಿ ಕೇಳಿ ಒಂದು ಟೇಬಲ್ಲಿನವರು ಕಿಸಕ್ಕನೆ ನಕ್ಕರು. ಯಾರೋ ಚಾನೆಲ್ ಬದಲಿಸಿ ಧಾರಾವಾಹಿ ಹಾಕಿದರು. ನನ್ನ ತಟ್ಟೆಯಲ್ಲಿ ಸಾರು-ಅನ್ನ ಹಾಗೇ ಇತ್ತು. ಎದುರಿಗೆ ನನ್ನ ಗೆಳತಿ ಕೂತಿದ್ದಳು. ಇಬ್ಬರೂ ತಲೆ ಎತ್ತಲಿಲ್ಲ.

ಮಾರನೇ ದಿನ ಬೆಳಿಗ್ಗೆ ವಾರ್ಮಪ್ ಆದ ಮೇಲೆ ಕೋಚ್ ‘ನಮ್ಮಲ್ಲಿ ಅಂಥದ್ದೆಲ್ಲ ಇಲ್ಲ, ಗೊತ್ತಾಯ್ತಾ?’ ಅಂದರು. ಯಾರೂ ಏನೂ ಕೇಳಿರಲಿಲ್ಲ. ಆ ವಾರವೇ ವಾರ್ಡನ್ ಮಂಚಗಳನ್ನೆಲ್ಲ ಬದಲಿಸಿದರು. ಸೀನಿಯರ್ ಜೂನಿಯರ್ ಬೇರೆ, ಬಾಗಿಲು ಹಾಕಬಾರದು, ಒಬ್ಬರ ಸೊಳ್ಳೆ ಪರದೆಯಲ್ಲಿ ಇನ್ನೊಬ್ಬರು ಮಲಗಬಾರದು. ಚಳಿ ಅಂತ ಮಲಗುತ್ತಿದ್ದ ಆರನೇ ಕ್ಲಾಸಿನ ಮಕ್ಕಳಿಗೂ ಅದೇ ರೂಲು.

ಆ ವಾರ ನನಗೆ ಗೊತ್ತಾದದ್ದು ಎರಡು. ನನ್ನಂಥವಳು ಇನ್ನೊಬ್ಬಳಿದ್ದಾಳೆ, ಅವಳು 11 ಸೆಕೆಂಡಿನ ಚಿಲ್ಲರೆಯಲ್ಲಿ ಓಡುತ್ತಾಳೆ. ಇನ್ನೊಂದು, ಇಲ್ಲಿ ಬಾಯಿ ಬಿಡಬಾರದು.

ಕರಾವಳಿ ಸರ್, ‘ವೈಯಕ್ತಿಕ’ ಅಂದಿರಿ. ನೀವು ಒಳ್ಳೆಯ ಮನಸ್ಸಿನಿಂದಲೇ ಅಂದಿರಿ, ಗೊತ್ತು. ಆದರೆ ದ್ಯುತಿ ಬಗ್ಗೆ ಆಗ ‘ಅದು ಅವರ ವೈಯಕ್ತಿಕ ವಿಷಯ’ ಅಂತ ಹೇಳಿ ಮುಂದೆ ಹೋದವರೇ ಜಾಸ್ತಿ. ಆ ವೈಯಕ್ತಿಕ ಅನ್ನುವ ಕೋಣೆಯೊಳಗೆ ಅವರ ಜೊತೆ ಇದ್ದವರು ಯಾರು ಅಂದರೆ ಹೆದರಿಸುತ್ತಿದ್ದಾರೆ ಅಂತ ಅವರು ಹೇಳಿದ ಮನೆಯವರು. ನೀವು ಬಾಗಿಲು ಹಾಕಿಕೊಂಡು ಹೋದ ಹಾಗಾಯಿತು.

ಜುಲೈ 9ಕ್ಕೆ ನೇಪಲ್ಸ್‌ನಲ್ಲಿ 11.32ಕ್ಕೆ ಚಿನ್ನ ಬಂತು. ಆ ಕೂಟದ ಟ್ರ್ಯಾಕಿನಲ್ಲಿ ಭಾರತದ ಹೆಣ್ಣುಮಗಳಿಗೆ ಮೊದಲ ಚಿನ್ನ. ಎಷ್ಟು ಬೀಳಿಸಿದರೂ ಇನ್ನೂ ಗಟ್ಟಿಯಾಗಿ ಎದ್ದು ಬರುತ್ತೇನೆ ಅನ್ನುವ ಹಾಗೆ ಮೆಡಲ್ ಫೋಟೋದ ಜೊತೆ ಬರೆದಿದ್ದರು. ಮೆಸ್ಸಿನ ಟಿವಿಯಲ್ಲಿ ಆ ಸುದ್ದಿ ಬಂದಾಗ ಯಾರೂ ಚಾನೆಲ್ ಬದಲಿಸಲಿಲ್ಲ. ಕೋಚ್ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಡಿಸೆಂಬರಿನಲ್ಲಿ ಹಾಸ್ಟೆಲ್ ಬಿಟ್ಟೆ.


ಮಗ್ಗದ_ಮನೆ | ಮಂಗಳವಾರ, ಬೆಳಿಗ್ಗೆ 6:05

ತಂಗಿ, ಬರೆದದ್ದು ಒಳ್ಳೆಯದಾಯಿತು. ಊಟ ಮಾಡಿ ಮಲಗಿದೆಯಾ ರಾತ್ರಿ?


ಮೈದಾನದ_ಧೂಳು | ಮಂಗಳವಾರ, ಬೆಳಿಗ್ಗೆ 7:30

ರಾತ್ರಿ ಓದಿದೆ. ನಿದ್ದೆ ಸರಿಯಾಗಿ ಬರಲಿಲ್ಲ.

ನಾನು ಕೆಲಸ ಮಾಡಿದ ಒಂದು ಶಾಲೆಯಲ್ಲಿ ಹುಡುಗಿಯರ ಖೋಖೋ ತಂಡ ಚೆನ್ನಾಗಿತ್ತು. ಎರಡು ವರ್ಷ ಸತತ ಜಿಲ್ಲಾ ಮಟ್ಟ. ಅದರಲ್ಲಿ ಇಬ್ಬರು, ಒಬ್ಬಳು ಚೇಸಿಂಗಿನಲ್ಲಿ ಮಿಂಚು, ಇನ್ನೊಬ್ಬಳು ಡಿಫೆಂಡರ್. ಸದಾ ಜೊತೆಗೇ ಇರುತ್ತಿದ್ದರು. ಸ್ಟಾಫ್ ರೂಮಿನಲ್ಲಿ ಯಾರೋ ಏನೋ ಅಂದು ನಕ್ಕರು. ನನಗೆ ಹೆಸರು ಕೆಡುತ್ತದೆ ಅನಿಸಿತು. ಆ ಡಿಫೆಂಡರ್ ಹುಡುಗಿಯನ್ನು ವಿಭಾಗ ಮಟ್ಟದ ತಂಡದಿಂದ ಬಿಟ್ಟೆ. ಕಾರಣ ಕೇಳಿದರೆ ‘ಫಾರ್ಮ್ ಇಲ್ಲ’ ಅಂದೆ. ಫಾರ್ಮ್ ಇತ್ತು. ಅವಳು ಆಮೇಲೆ ಮೈದಾನಕ್ಕೆ ಬರಲಿಲ್ಲ. ಮೊದಲ ರೌಂಡಿನಲ್ಲೇ ಸೋತೆವು, ಆ ಮಾತು ಬೇರೆ.

ಅವರಿಬ್ಬರ ನಡುವೆ ಏನಿತ್ತು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಬರೀ ಗೆಳತಿಯರೂ ಆಗಿರಬಹುದು. ನಾನು ಕೇಳಲೂ ಇಲ್ಲ. ಬಿಟ್ಟೆ ಅಷ್ಟೆ.

ಭಾನುವಾರ ಟೀಚರ್ ಪರ ಮಾತಾಡಿದೆ. ಆ ಕೆಂಪು ಪೆನ್ನು ನನ್ನ ಕೈಯಲ್ಲೂ ಇತ್ತು ಅಂತ ಆಗ ಬರೆಯಬೇಕಿತ್ತು.


ಕರಾವಳಿ_ಕಾಗೆ | ಮಂಗಳವಾರ, ಬೆಳಿಗ್ಗೆ 9:15

ಅನಾಮಿಕ ಮೇಡಂ, ಆ ಬಾಗಿಲಿನ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ. ಯೋಚನೆ ಮಾಡುತ್ತಿದ್ದೇನೆ. ಶಾಲೆಯಲ್ಲಿ ಬೇಕಾ ಅನ್ನುವುದು ಇನ್ನೂ ಪೂರ್ತಿ ಬಗೆಹರಿದಿಲ್ಲ ನನಗೆ, ಸುಳ್ಳು ಹೇಳುವುದಿಲ್ಲ. ಆದರೆ ‘ತೆಗೆಸಿ’ ಅಂತ ಮೊದಲ ಪ್ರತಿಕ್ರಿಯೆ ಹಾಕಿದವನು ನಾನು. ಅದನ್ನು ವಾಪಸ್ ತಗೊಂಡಿದ್ದೇನೆ.


ಕೋರ್ಟ್_ಕಾರಿಡಾರ್ | ಮಂಗಳವಾರ, ಬೆಳಿಗ್ಗೆ 9:40

ಚಿಕ್ಕ ಸೇರ್ಪಡೆ. 2022ರ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕೂಟದ ಉದ್ಘಾಟನೆಯಲ್ಲಿ ಇಂಗ್ಲೆಂಡಿನ ಡೈವರ್ ಟಾಮ್ ಡೇಲಿ ಬ್ಯಾಟನ್ ಹಿಡಿದು ಬಂದಾಗ ಸುತ್ತ ಸಲಿಂಗಿಗಳ ಗುರುತಾದ ಕಾಮನಬಿಲ್ಲಿನ ಬಾವುಟ ಹಿಡಿದವರಲ್ಲಿ ದ್ಯುತಿಯೂ ಒಬ್ಬರು. ಎಂಟು ವರ್ಷ ಹಿಂದೆ ಇದೇ ಕೂಟದ ತಂಡದಿಂದ ಹೊರಬಿದ್ದವರು. ಭಾಷಣದಲ್ಲಿ ಜಾಗ ಇದ್ದರೆ ಇದೂ ಸೇರಲಿ.


ಟ್ರ್ಯಾಕ್_ಬದಿಯ_ಅಪ್ಪ | ಮಂಗಳವಾರ, ರಾತ್ರಿ 9:30

ಜಾಗ ಎಲ್ಲಿದೆ ಸರ್, ಮೂರು ನಿಮಿಷಕ್ಕೆ ಗಂಟೆ ಹೊಡೆಯುತ್ತಾರೆ!

ಇವತ್ತು ಶಾಲೆಗೆ ಹೋಗಿ ಟೀಚರ್ ಜೊತೆ ಮಾತಾಡಿದೆ. ಮೇಷ್ಟ್ರು ಹೇಳಿದ ಹಾಗೆಯೇ, ಅವರ ಭಯ ಮೇಲಿನವರದ್ದು. ಕೊನೆಗೆ ಒಂದು ದಾರಿ ಹೇಳಿದರು. ‘ಹುಡುಗಿ’ ಅನ್ನುವುದರ ಬದಲು ‘ಸಂಗಾತಿ’ ಅನ್ನಲಿ. ‘ದ್ಯುತಿ ತಮ್ಮ ಸಂಗಾತಿಯ ಬಗ್ಗೆ ಧೈರ್ಯವಾಗಿ ಹೇಳಿದರು, ಮನೆಯವರು ಒಪ್ಪಲಿಲ್ಲ.’ ಕನ್ನಡದಲ್ಲಿ ಸಂಗಾತಿ ಗಂಡೂ ಆಗಬಹುದು, ಹೆಣ್ಣೂ ಆಗಬಹುದು. ಬುದ್ಧಿವಂತೆ ಟೀಚರ್. ಮಗಳಿಗೆ ಹೇಳಿದೆ. ‘ಇದರಲ್ಲಿ ಧೈರ್ಯ ಏನಿದೆ ಅಂತ ಯಾರಿಗೂ ಗೊತ್ತಾಗಲ್ಲ’ ಅಂತ ಮುಖ ಊದಿಸಿಕೊಂಡು, ಆಮೇಲೆ ಸರಿ ಅಂದಳು. ಪದಬಂಧ ಮೇಡಂ, ಕ್ಷಮಿಸಿ, ಒಂದಕ್ಷರಕ್ಕಿಂತ ಜಾಸ್ತಿಯೇ ಮುಟ್ಟಿಬಿಟ್ಟೆವು.


ಪದಬಂಧ_ಪ್ರಿಯೆ | ಮಂಗಳವಾರ, ರಾತ್ರಿ 9:55

ಅವಳು ಹೇಳಿದ್ದೇ ಸರಿ. ಏನೇ ಆಗಲಿ, ಶುಕ್ರವಾರ ಏನಾಯಿತು ಅಂತ ಬರೆಯಿರಿ.


ಟ್ರ್ಯಾಕ್_ಬದಿಯ_ಅಪ್ಪ | ಶುಕ್ರವಾರ, ಸಂಜೆ 6:50

ಆಯಿತು. ಮಗಳು ಹೇಳಿದ್ದನ್ನು ಹಾಗೇ ಬರೆಯುತ್ತೇನೆ.

‘ಸಂಗಾತಿ’ ಅಂತಲೇ ಹೇಳಿದಳು. ಕೊನೆಗೆ ಪ್ರಶ್ನೆ ಕೇಳುವ ಅವಕಾಶ ಇತ್ತಂತೆ. ಮೂರನೇ ಸಾಲಿನಿಂದ ಒಬ್ಬ ಹುಡುಗ ಎದ್ದು ‘ಅವರ ಗಂಡನ ಹೆಸರೇನು?’ ಅಂದ. ಇವಳು ‘ಗಂಡ ಅಲ್ಲ, ಹುಡುಗಿ. ಹೆಸರು ಹೇಳಲ್ಲ, ಅವರು ಆಟಗಾರ್ತಿ ಅಲ್ಲ’ ಅಂದಳಂತೆ. (ನಿರ್ವಾಹಕರೇ, ಈ ಚರ್ಚೆಯನ್ನು ನನ್ನ ಫೋನಿನಲ್ಲಿ ಕದ್ದು ಓದಿದ್ದಾಳೆ ಅಂತ ಆಗ ಗೊತ್ತಾಯಿತು.) ಕೆಲವರು ಹೋ ಅಂದರು. ಇಬ್ಬರು ಮೂವರು ನಕ್ಕರು. ಆ ಹುಡುಗ ‘ಓ’ ಅಂತ ಕೂತು, ಮತ್ತೆ ಎದ್ದು ‘11.17 ಅಂದರೆ ಬೋಲ್ಟ್‌ಗಿಂತ ಎಷ್ಟು ಕಡಿಮೆ?’ ಅಂತ ಕೇಳಿದನಂತೆ. ಜಾಸ್ತಿ ಕಣೋ, 9.58 ಅವರದ್ದು, ಅಂದಳಂತೆ. ಟೀಚರ್ ಮುಂದಿನವರನ್ನು ಕರೆದರು. ಇನ್ನೂ ಯಾವ ಪೋಷಕರೂ ಫೋನ್ ಮಾಡಿಲ್ಲ.

ಎರಡನೇ ಬಹುಮಾನ. ಮೊದಲನೆಯದು ಕೊಹ್ಲಿಗೆ. ಅದಕ್ಕೆ ಊಟ ಬಿಟ್ಟು ಕೂತಿದ್ದಾಳೆ, ಬೇರೆ ಯಾವುದಕ್ಕೂ ಅಲ್ಲ.


ಕಪ್_ನಮ್ದೇ | ಶುಕ್ರವಾರ, ಸಂಜೆ 6:58

ಕೊಹ್ಲಿ ಮುಂದೆ ಎರಡನೇ ಬಹುಮಾನ ಅಂದರೆ ಮೊದಲನೆಯದೇ ಲೆಕ್ಕ. ಹೇಳಿ ಅವಳಿಗೆ.


ಅನಾಮಿಕ_400 | ಶುಕ್ರವಾರ, ರಾತ್ರಿ 10:20

200 ಅಂದಿರಲ್ಲ. ತಿರುವಿನಲ್ಲಿ ಹೇಗೆ ಓಡುತ್ತಾಳೆ, ಹೊರಗಡೆ ವಾಲುತ್ತಾಳಾ?


ಟ್ರ್ಯಾಕ್_ಬದಿಯ_ಅಪ್ಪ | ಶುಕ್ರವಾರ, ರಾತ್ರಿ 10:26

ಹೌದು ಮೇಡಂ, ಗೆರೆ ದಾಟುವಷ್ಟು ವಾಲುತ್ತಾಳೆ. ಯಾರೂ ಹೇಳಿಕೊಟ್ಟಿಲ್ಲ.


ಅನಾಮಿಕ_400 | ಶುಕ್ರವಾರ, ರಾತ್ರಿ 10:41

ಬ್ಲಾಕ್ ನೇರ ಇಡುತ್ತಿದ್ದಾಳೆ ಅನಿಸುತ್ತದೆ. ಲೇನಿನ ಹೊರಗಿನ ಗೆರೆಯ ಹತ್ತಿರ ಇಟ್ಟು, ಒಳಗಿನ ಗೆರೆ ಕಡೆಗೆ ಮುಖ ತಿರುಗಿಸಲಿ. ಆಗ ಮೊದಲ ಕೆಲವು ಹೆಜ್ಜೆ ನೇರ ಸಿಗುತ್ತದೆ. ತಿರುವಿನಲ್ಲಿ ಎಡ ಭುಜ ಸ್ವಲ್ಪ ತಗ್ಗಲಿ. ಭಾನುವಾರ ಓಡಿಸಿ, ವಿಡಿಯೋ ಮಾಡಿ ಕಳಿಸಿ. ನೋಡಿ ಹೇಳುತ್ತೇನೆ.